ಇನ್ನೊಂದು ತುದಿ

ಇವತ್ತು ಹೇಳಿಯೇ ಬಿಡಬೇಕು ಎಂದು ಹಲ್ಲುಜ್ಜುವಾಗಲೇ ತೀರ್ಮಾನಿಸಿದ್ದಳು. ಮಾತುಗಳೇನೋ ಸಿದ್ಧವಾಗಿದ್ದವು. ವಾರವಿಡೀ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಅವುಗಳನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದಳು. ಅಕ್ಕಾ, ನಾನು ಹೇಳಿದ್ದು ನಿಮಗೆ, ಇಡೀ ಸಭೆಗಲ್ಲ ಎನ್ನುವುದು ಮೊದಲನೆಯದು. ಅದು ಚೆನ್ನಾಗಿತ್ತು. ನನ್ನ ಮಕ್ಕಳನ್ನು ನನ್ನಿಂದ ಕಿತ್ತುಕೊಂಡಿರಿ ಎನ್ನುವುದು ಎರಡನೆಯದು. ಇದರಲ್ಲಿ ಸ್ವಲ್ಪ ನಾಟಕ ಇದೆ ಅನ್ನಿಸಿ, ಮಕ್ಕಳು ಎನ್ನುವ ಕಡೆ ತರಗತಿ ಎಂದು ಹಾಕಿ ನೋಡಿದಳು, ಸಪ್ಪೆಯಾಯಿತು, ಮತ್ತೆ ಮಕ್ಕಳನ್ನೇ ತಂದು ಕೂರಿಸಿದಳು. ಈ ಮಾತು ಕೇಳಿದ ಮೇಲೆ ಆಮೆನಕ್ಕನ ಮುಖ ಹೇಗಾಗಬಹುದು ಎಂದು ಊಹಿಸಿಕೊಂಡು ಬಸ್ಸಿನಲ್ಲಿ ಒಬ್ಬಳೇ ನಕ್ಕಳು. ಎದುರಿಗೆ ಕೂತಿದ್ದ ಹೆಂಗಸು ತನ್ನ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಇವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿದ್ದುದು ಇನ್ನೊಂದು ಕಾರಣಕ್ಕೆ. ಎಷ್ಟು ಉರಿದುಕೊಂಡರೂ, ಮನಸ್ಸಿನೊಳಗೂ ಆಮೆನಕ್ಕನನ್ನು ಏಕವಚನದಲ್ಲಿ ಬೈಯಲು ಆಗುತ್ತಿರಲಿಲ್ಲ. ಇಷ್ಟು ಮಾಡಿದವರಿಗೆ ಈ ಮರ್ಯಾದೆ ಬೇರೆ ಕೇಡು ಎಂದುಕೊಂಡಳು.

ಆಮೆನಕ್ಕ ಎನ್ನುವುದು ಲಾಂಡ್ರಿಯವರು ಇಟ್ಟ ಹೆಸರು. ಆಸ್ಪತ್ರೆಯ ಹಿಂಭಾಗದ ಆ ಉದ್ದನೆಯ ಕೋಣೆಯಲ್ಲಿ ಅವರಿಬ್ಬರೂ ಒಂದೇ ಮೇಜಿನವರು, ಒಗೆದು ಒಣಗಿಸಿದ ಹಾಸುಬಟ್ಟೆ ಮಡಿಸುವವರು. ಭಾನುವಾರ ಚರ್ಚಿನಲ್ಲೂ ಒಂದೇ ಸಭೆಯವರು; ಅಲ್ಲಿ ಮಕ್ಕಳ ತರಗತಿ ಅವಳದು. ಮೇಲ್ವಿಚಾರಕ ಬಂದು ಇವತ್ತು ಆಪರೇಷನ್ ಕೋಣೆಯ ಬಟ್ಟೆ ಮೊದಲು ಮುಗಿಸಿ ಎಂದರೆ ಆಮೆನ್, ಯಂತ್ರ ಕೆಟ್ಟು ನಿಂತರೆ ಆಮೆನ್, ಚಹಾಕ್ಕೆ ಸಕ್ಕರೆ ಹಾಕುವುದು ಮರೆತಿದ್ದರೂ ಆಮೆನ್. ದೇವರ ಗೊಡವೆಯೇ ಇಲ್ಲದ ಆ ಮೇಲ್ವಿಚಾರಕ ಒಮ್ಮೆ, ಈ ತಿಂಗಳು ಯಾರಿಗೂ ರಜೆ ಇಲ್ಲ ಎಂದು ಗಂಟುಮುಖ ಹಾಕಿಕೊಂಡು ಹೇಳಿ, ಬಾಯಿ ತಪ್ಪಿ ತಾನೇ ಆಮೆನ್ ಅಂದುಬಿಟ್ಟಿದ್ದ. ಲಾಂಡ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅವಳೂ ನಕ್ಕಿದ್ದಳು. ಆಗ ಆಮೆನಕ್ಕ ಅವಳ ಭುಜದ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಈಗ ಅದು ನೆನಪಾಗಿ ಅವಳಿಗೆ ಇನ್ನೂ ಸಿಟ್ಟು ಬಂತು.

ಹಾಸುಬಟ್ಟೆ ಒಬ್ಬರಿಂದ ಮಡಿಸಿ ಆಗುವಂಥದ್ದಲ್ಲ. ಯಂತ್ರದಿಂದ ಬಿಸಿಬಿಸಿಯಾಗಿ ಬಂದದ್ದನ್ನು ಇಬ್ಬರೂ ಎರಡೆರಡು ಮೂಲೆ ಹಿಡಿದು ಹಿಂದಕ್ಕೆ ಸರಿಯಬೇಕು, ಒಮ್ಮೆ ಕೊಡವಬೇಕು, ಸುಕ್ಕು ಹೋಗುವಂತೆ ಜಗ್ಗಬೇಕು, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬರಬೇಕು. ಮೂಲೆಗೆ ಮೂಲೆ ಸೇರುವಾಗ ಬೆರಳು ತಾಗುತ್ತವೆ. ಒಬ್ಬಳು ತನ್ನ ತುದಿಯನ್ನು ಎದುರಿನವಳ ಕೈಗೆ ಕೊಟ್ಟು, ಬಗ್ಗಿ, ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿಕೊಳ್ಳುತ್ತಾಳೆ. ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸುವುದು ಹತ್ತಿರ ಬಂದಾಗ ಮಾತ್ರ. ಹಾಗಾಗಿ ಆ ಮೇಜಿನಲ್ಲಿ ಯಾವ ಸುದ್ದಿಯೂ ಒಂದೇ ಉಸಿರಿಗೆ ಮುಗಿಯುವುದಿಲ್ಲ. ಅವಳು ಆ ವಿಷಯವನ್ನು ಹೇಳಿದ್ದೂ ಹಾಗೇ, ತುಂಡು ತುಂಡಾಗಿ. ಹತ್ತಿರ ಬಂದಾಗ, ಅಕ್ಕಾ, ಪ್ರಾರ್ಥನೆ ಮಾಡಿದರೆ ಏನೂ ಅನ್ನಿಸುತ್ತಿಲ್ಲ ನನಗೆ ಎಂದಳು. ದೂರ ಸರಿದು ಕೊಡವಿದಳು. ಮತ್ತೆ ಹತ್ತಿರ ಬಂದಾಗ, ಹಾಡುವಾಗ ಬಾಯಿ ಹಾಡುತ್ತೆ, ಮಕ್ಕಳಿಗೆ ಪಾಠ ಹೇಳುವಾಗ ಬಾಯಿ ಹೇಳುತ್ತೆ, ಕಣ್ಣು ಮುಚ್ಚಿದರೆ ಆ ಕಡೆ ಯಾರೂ ಇಲ್ಲ ಅನ್ನಿಸುತ್ತೆ, ಬರೀ ತುಟಿ ಆಡಿಸುತ್ತೇನೆ ಎಂದಳು. ಯಾವತ್ತಿನಿಂದ ಎಂದು ಆಮೆನಕ್ಕ ಕೇಳಿದ್ದರು. ಯಾರೂ ತೀರಿಕೊಂಡಿರಲಿಲ್ಲ, ಮನೆಯಲ್ಲಿ ಜಗಳ ಇರಲಿಲ್ಲ, ದೊಡ್ಡ ಪಾಪವನ್ನೂ ಮಾಡಿರಲಿಲ್ಲ. ಮಾಡಲು ಪುರುಸೊತ್ತೂ ಇರಲಿಲ್ಲ. ನಲ್ಲಿ ತಿರುಗಿಸಿದರೆ ಬರೀ ಗಾಳಿ ಬರುವ ಹಾಗೆ, ಅಷ್ಟೇ. ಮೂಲೆಗಳು ಸೇರಿದಾಗ ಆಮೆನಕ್ಕ ಅವಳ ಬೆರಳುಗಳನ್ನು ಕೆಲಸಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡರು. ಆ ದಿನ ಅವಳು ಮನೆಗೆ ಹಗುರವಾಗಿ ಹೋಗಿದ್ದಳು.

ಬಸ್ಸು ಆಸ್ಪತ್ರೆಯ ಗೇಟಿನ ಮುಂದೆ ನಿಂತಿತು. ಇಳಿಯುವಾಗ ಅವಳಿಗೆ ಬುಧವಾರದ ಪ್ರಾರ್ಥನಾ ಕೂಟದ ವಾಸನೆ ನೆನಪಾಯಿತು, ಹಳೆಯ ಕುರ್ಚಿಗಳ ಮತ್ತು ಒದ್ದೆ ಕೊಡೆಗಳ ವಾಸನೆ. ಕಳೆದ ಬುಧವಾರ ಎಲ್ಲರೂ ತಲೆ ಬಗ್ಗಿಸಿ ಕೂತಿದ್ದಾಗ ಆಮೆನಕ್ಕ ಎದ್ದು ನಿಂತು ಪ್ರಾರ್ಥನೆಗೆ ತೊಡಗಿದ್ದರು. ಅವರ ಪ್ರಾರ್ಥನೆ ಕೇಳಲೆಂದೇ ಬರುವವರಿದ್ದರು. ಕಾಯಿಲೆಯವರು, ಪರೀಕ್ಷೆಯವರು, ಬಾಣಂತಿಯರು ಎಲ್ಲರೂ ಆ ಪ್ರಾರ್ಥನೆಯೊಳಗೆ ಸರದಿಯಲ್ಲಿ ಬಂದು ಹೋದರು. ಆಮೇಲೆ ಧ್ವನಿ ಕರಗಿತು. "ಕರ್ತನೇ, ಮಕ್ಕಳಿಗೆ ಪಾಠ ಹೇಳೋ ನಮ್ಮ ತಂಗಿಯ ಒಳಗಿನ ದೀಪ ಆರಿಹೋಗಿದೆಯಪ್ಪಾ. ಬರೀ ತುಟಿ ಆಡಿಸ್ತಿದ್ದಾಳೆ. ಆ ದೀಪಾನ ಮತ್ತೆ ಹೊತ್ತಿಸು." ಎಲ್ಲರೂ ಆಮೆನ್ ಅಂದರು. ಅಭ್ಯಾಸಬಲದಿಂದ ಅವಳ ಬಾಯಿಯೂ ಆಮೆನ್ ಅಂದಿತ್ತು. ಆ ತಂಗಿ ತಾನೇ ಎಂದು ಹೊಳೆದದ್ದು ಅಂದ ಮೇಲೆ. ಕಣ್ಣು ತೆರೆದಾಗ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ನೋಡದಿರಲು ಅಷ್ಟು ಜನ ಒಟ್ಟಿಗೆ ಕಷ್ಟಪಡುತ್ತಿದ್ದರು. ಅವಳು ಎದ್ದು ಹೋಗಿ ಬಾಗಿಲ ಹೊರಗೆ ಚಪ್ಪಲಿ ಹುಡುಕಿದಳು. ಎಡಗಾಲಿನದು ಸಿಕ್ಕಿತು, ಬಲಗಾಲಿನದು ಬೇರೆಯವರ ಚಪ್ಪಲಿಗಳ ಕೆಳಗೆ ಸೇರಿಕೊಂಡಿತ್ತು. ಅದನ್ನು ಕಾಲಿನಿಂದ ಎಳೆದುಕೊಳ್ಳುತ್ತಾ ಅಷ್ಟೂ ಹೊತ್ತು ಬೆಳಕಿನಲ್ಲಿ ನಿಂತಿರಬೇಕಾಯಿತು.

ಆಮೇಲೆ ಶುರುವಾಯಿತು ಪ್ರೋತ್ಸಾಹ. ಅಬ್ಬಾ, ಒಬ್ಬರೇ ಇಬ್ಬರೇ. ನಿವೃತ್ತ ಪೋಸ್ಟ್ ಮಾಸ್ಟರು ಎರಡೂ ಕೈಗಳಿಂದ ಅವಳ ಕೈ ಹಿಡಿದು, ಯೌವನದಲ್ಲಿ ತನಗೂ ಹೀಗೆ ಆಗಿತ್ತೆಂದೂ ಬೆಳಿಗ್ಗೆ ಬೇಗ ಏಳುವುದೇ ಮದ್ದೆಂದೂ ಹೇಳಿದರು. ಅವಳು ಏಳುತ್ತಿದ್ದುದು ಅವರಿಗಿಂತ ಮೊದಲೇ. ಹಾರ್ಮೋನಿಯಂ ನುಡಿಸುವವರ ಹೆಂಡತಿ ದಿನಾ ಬೆಳಿಗ್ಗೆ ಫೋನಿಗೆ ಸೂರ್ಯೋದಯದ ಚಿತ್ರ ಕಳಿಸತೊಡಗಿದಳು. ಇನ್ನೊಬ್ಬಳು ಪಕ್ಕಕ್ಕೆ ಕರೆದು, ಒಳಗೆ ಏನಾದರೂ ಮುಚ್ಚಿಟ್ಟಿದ್ದರೆ ಹೇಳಿಬಿಡು ಎಂದು ಆಸೆಯಿಂದ ಕೇಳಿದಳು. ಶನಿವಾರ ಪಾಸ್ಟರು ಮನೆಗೇ ಬಂದರು. ಒಳ್ಳೆಯ ಮನುಷ್ಯ; ಕುರ್ಚಿಯ ತುದಿಯಲ್ಲಿ ಕೂತು, ಸಿಸ್ಟರ್, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ, ಮಕ್ಕಳ ತರಗತಿಯನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಅವಳು ಧನ್ಯವಾದ ಹೇಳಿದಳು. ಭಾನುವಾರ ಮಕ್ಕಳ ಕೋಣೆಯ ಬಾಗಿಲು ದಾಟಿ ಹೋಗುವಾಗ, ಎರಡು ಜಡೆಯ ಹುಡುಗಿಯೊಬ್ಬಳು ಓಡಿ ಬಂದು, ಮಿಸ್, ನಿಮಗೆ ಹುಷಾರಿಲ್ವಂತೆ, ಜ್ವರಾನಾ ಎಂದು ಕೇಳಿದಳು. ಅವಳು ಹೂಂ ಎಂದಳು. ಹುಡುಗಿ ಹಣೆ ಮುಟ್ಟಿ ನೋಡಿ, ಇಲ್ವಲ್ಲ ಎಂದು ಹೇಳಿ ಒಳಗೆ ಹೋದಳು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಸಭೆಗೆ ಹಬ್ಬಕ್ಕೊಮ್ಮೆ ಬರುವವನು. ದೇವರ ಹತ್ತಿರ ಗುಟ್ಟಾಗಿ ಹೇಳೋದನ್ನ ಮೈಕು ಹಾಕಿ ಹೇಳಿದರೆ ದೇವರಿಗೇ ಮುಜುಗರ ಆಗುತ್ತೆ ಎಂದು ನಗಿಸಲು ನೋಡಿದ. ಆ ಸಭೆ ಬಿಟ್ಟು ಬೇರೆ ಸಭೆಗೆ ಹೋಗು ಎಂದೂ ಹೇಳಿದ. ಅವಳು ಆ ಕುರಿತೇ ಯೋಚಿಸುತ್ತಿದ್ದಳು. ಇವತ್ತು ಮತ್ತೆ ಬುಧವಾರ. ಆಮೆನಕ್ಕನಿಗೆ ಹೇಳುವುದು ಹೇಳಿ, ಸಂಜೆ ಕೂಟಕ್ಕೆ ಎಲ್ಲರಿಗಿಂತ ಮುಂಚೆ ಹೋಗಿ ಪಾಸ್ಟರನ್ನು ಕೇಳುವುದು. ತರಗತಿ ಕೊಟ್ಟರೆ ಸರಿ. ಇಲ್ಲದಿದ್ದರೆ ಆ ಮೆಟ್ಟಿಲು ಇನ್ನು ಹತ್ತುವುದಿಲ್ಲ.

ಮೇಜಿನ ಹತ್ತಿರ ಆಮೆನಕ್ಕ ಇರಲಿಲ್ಲ. ಅವರ ಜಾಗದಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಿಂತು ಉಗುರು ನೋಡಿಕೊಳ್ಳುತ್ತಿದ್ದಳು. ಆ ಕೂಟದ ಮರುದಿನದಿಂದ ನಿನ್ನೆಯವರೆಗೆ ಆಮೆನಕ್ಕ ರಜೆ ಹಾಕಿದ್ದರು. ಅದು ಅವಳಿಗೆ ಗೊತ್ತಿತ್ತು. ಇವತ್ತು ಬಂದಿದ್ದಾರೆ, ಆದರೆ ಕೊಳೆ ಕೋಣೆಗೆ ಹೋಗಿದ್ದಾರೆ, ತಾವೇ ಕೇಳಿ ಹಾಕಿಸಿಕೊಂಡಿದ್ದಾರೆ ಎಂದ ಮೇಲ್ವಿಚಾರಕ. ಕೊಳೆ ಕೋಣೆ ಎಂದರೆ ವಾರ್ಡುಗಳಿಂದ ಬಂದ ಮೂಟೆ ಬಿಚ್ಚಿ, ರಕ್ತದ್ದು, ಮಲದ್ದು, ವಾಂತಿಯದ್ದು ಎಂದು ಬೇರೆ ಬೇರೆ ಮಾಡುವ ಜಾಗ. ಶಿಕ್ಷೆಗೆ ಕಳಿಸಿದರೂ ಅಲ್ಲಿಗೆ ಯಾರೂ ಹೋಗುವುದಿಲ್ಲ. ಅವಳಿಗೆ ತಲೆ ಕೆಟ್ಟುಹೋಯಿತು. ಇದೊಂದು ಬಾಕಿ ಇತ್ತು ನೋಡಿ. ಈಗ ಅವರು ಪ್ರಾಯಶ್ಚಿತ್ತದವರು, ತಾನು ಕಲ್ಲು ಮನಸ್ಸಿನವಳು. ಬೆಳಗಿನಿಂದ ಹೊಳಪು ಕೊಟ್ಟು ತಂದ ಮಾತುಗಳನ್ನು ಯಾರ ಮುಖಕ್ಕೆ ಎಸೆಯುವುದು? ಹೊಸ ಹುಡುಗಿ ಜಗ್ಗಿದ ರಭಸಕ್ಕೆ ಹಾಸುಬಟ್ಟೆಯ ತುದಿ ಕೈತಪ್ಪಿ ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದದ್ದು ಮತ್ತೆ ಒಗೆಯಬೇಕು. ಹೀಗೆ ಎಷ್ಟೋ ಬಿದ್ದವು. ಹುಡುಗಿ ಹತ್ತಿರ ಬಂದಾಗೆಲ್ಲ ತನ್ನ ಹೊಸ ಫೋನಿನ ವಿಷಯ ಹೇಳುತ್ತಿದ್ದಳು, ಒಂದು ಮೂಲೆಯೂ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಡಬ್ಬಿಯನ್ನು ಬಿಚ್ಚದೆ ಕೊಳೆ ಕೋಣೆಗೆ ಹೋದಳು. ಆಮೆನಕ್ಕ ಮೊಣಕೈವರೆಗೆ ರಬ್ಬರಿನ ಕೈಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮೂಟೆಯೊಂದರ ಬಾಯಿ ಬಿಚ್ಚುತ್ತಿದ್ದರು. ಗೋಡೆಯ ಹಲಗೆಯ ಮೇಲೆ ಹಾಸುಬಟ್ಟೆಗಳ ನಡುವೆ ಸಿಕ್ಕಿದ್ದನ್ನೆಲ್ಲ ಸಾಲಾಗಿ ಇಟ್ಟಿದ್ದರು: ಒಂದು ಚಮಚ, ಒಂದು ಕನ್ನಡಕ, ಮಗುವಿನ ಒಂಟಿ ಕಾಲುಚೀಲ, ಯಾರದೋ ಕಟ್ಟಿಸಿದ ಹಲ್ಲು. ಅವಳನ್ನು ನೋಡಿ ಕೈ ನಿಂತಿತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಅವಳಿಗೆ ಗೊತ್ತಾಯಿತು.

"ಅಕ್ಕಾ, ನಾನು ಹೇಳಿದ್ದು ನಿಮಗೆ. ಇಡೀ ಸಭೆಗಲ್ಲ."

ಆಮೆನಕ್ಕ ಹೌದೆಂದು ತಲೆಯಾಡಿಸಿದರು. ಅವಳು ಎರಡನೆಯದನ್ನೂ ಹೇಳಿದಳು. ಅದಕ್ಕೂ ತಲೆಯಾಡಿಸಿದರು. ನಿನ್ನ ಒಳ್ಳೆಯದಕ್ಕೇ ಹೇಳಿದೆ ಕಣೇ ಎನ್ನುತ್ತಾರೆಂದು ಕಾದಳು. ಆ ಮಾತಿಗೆ ಎಲ್ಲಕ್ಕಿಂತ ಖಾರವಾದ ಉತ್ತರವನ್ನು ಇಟ್ಟುಕೊಂಡಿದ್ದಳು. ಅದು ಬರಲೇ ಇಲ್ಲ. ಆಮೆನಕ್ಕ ಮೂಟೆಯ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು. ಇಲ್ಲಿಗೆ ಯಾಕೆ ಬಂದಿರಿ ಎಂದು ಗದರಿಸಿಯೇ ಕೇಳಿದಳು. ಆಮೆನಕ್ಕ ಮುಖದ ಬಟ್ಟೆಯನ್ನು ಕೆಳಗೆ ಸರಿಸಿದರು. ಒಂದೇ ವಾರದಲ್ಲಿ ಕೆನ್ನೆ ಒಳಗೆ ಹೋಗಿತ್ತು.

"ನಿನ್ನ ಎದುರು ನಿಂತು ತುದಿ ಹಿಡಿಯೋಕೆ ನನಗೆ ಮುಖ ಇಲ್ಲ ಕಣೇ. ಅವತ್ತಿಂದ ನನಗೂ ಬಾಯಿ ಬರ್ತಿಲ್ಲ. ಕಣ್ಣು ಮುಚ್ಚಿದ್ರೆ ನೀನು ಅಲ್ಲಿ ನಿಂತು ಚಪ್ಪಲಿ ಹುಡುಕ್ತಿದ್ದದ್ದೇ ಕಾಣ್ಸುತ್ತೆ."

ಉಳಿದದ್ದನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಮನೆಯಲ್ಲಿ ಗಂಡ ಲಕ್ವ ಹೊಡೆದು ಒಂದು ಬದಿ ಬಿದ್ದುಹೋಗಿ ಹಾಸಿಗೆ ಹಿಡಿದಿದ್ದಾರಲ್ಲ, ಸಂಜೆ ಇವರ ಪ್ರಾರ್ಥನೆ ಕೇಳದೆ ಅವರಿಗೆ ಕಣ್ಣು ಹತ್ತುವುದಿಲ್ಲ. ಪಕ್ಕದ ಮನೆಯವರು ಗೋಡೆ ತಟ್ಟುವಷ್ಟು ಜೋರಾಗಿ ಮಾಡಬೇಕು. ಈಗ ಒಂದು ವಾರದಿಂದ, ಮಾತು ತೊದಲುವ ಅವರು ಕೈಸನ್ನೆ ಮಾಡಿ ಕೇಳುತ್ತಾರೆ, ಇವರು ಗಂಟಲು ನೋವು ಎಂದು ಸುಳ್ಳು ಹೇಳುತ್ತಾರೆ. ಅವರು ನಂಬಿ, ಬಿಸಿನೀರು ಕುಡಿ ಎಂದು ಸನ್ನೆ ಮಾಡುತ್ತಾರೆ. ಇವರು ಅವರ ಎದುರೇ ಕೂತು ಬಿಸಿನೀರು ಕುಡಿಯುತ್ತಾರೆ. ರಾತ್ರಿಯಿಡೀ ಇಬ್ಬರೂ ಎಚ್ಚರವಾಗಿರುತ್ತಾರೆ.

ಕೇಳಿ ಅವಳಿಗೆ ಮೊದಲು ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಈಗ ಗೊತ್ತಾಯಿತಾ, ಆ ಕಡೆ ಯಾರೂ ಇಲ್ಲ ಅನ್ನಿಸುವುದು ಹೇಗಿರುತ್ತದೆಂದು, ಎಂದು ಮನಸ್ಸು ಕುಣಿಯಿತು. ಅಲ್ಲಿಂದ ಹೊರಟು ಮೇಜಿಗೆ ಬಂದಳು. ಹೊಸ ಹುಡುಗಿಯ ಎದುರು ಮತ್ತೆ ತುದಿ ಹಿಡಿದು ಕೊಡವಿದಾಗ ಆ ಖುಷಿ ಮೈಗೆ ಅಂಟಿದ ಕೊಳೆಯಂತೆ ಅನ್ನಿಸಿತು, ನಾಚಿಕೆಯಾಯಿತು. ಕಟ್ಟಿಸಿದ ಹಲ್ಲು ಕಣ್ಣಿಗೆ ಬಂತು, ಅದನ್ನು ಹಲಗೆಯ ಮೇಲೆ ಅಷ್ಟು ನಾಜೂಕಾಗಿ ಇಟ್ಟಿದ್ದು. ಬಿಸಿನೀರಿನ ಲೋಟವೂ ಕಣ್ಣಿಗೆ ಬಂತು. ಏನು ಹೇಳಬಹುದಿತ್ತು ಅವರಿಗೆ? ತನಗೆ ಜನ ಹೇಳಿದ್ದನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದಳು. ಬೆಳಿಗ್ಗೆ ಬೇಗ ಏಳಿ ಅಕ್ಕಾ. ಸೂರ್ಯೋದಯ ನೋಡಿ ಅಕ್ಕಾ. ನಗು ಬಂತು. ಹುಡುಗಿ ಏನಾಯಿತು ಎಂದು ಕೇಳಿದಳು. ಧೈರ್ಯ ಹೇಳುವುದೆಂದರೆ ಧೈರ್ಯ ಇದ್ದವರು ಇಲ್ಲದವರಿಗೆ ಕೊಡುವುದು ಎಂದು ಅವಳು ಇಷ್ಟು ದಿನ ತಿಳಿದಿದ್ದಳು, ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದಳು. ತನ್ನ ಹತ್ತಿರ ಕೊಡಲು ಚಿಕ್ಕಾಸಿನಷ್ಟೂ ಇರಲಿಲ್ಲ. ಇದ್ದದ್ದು ತುಟಿ ಮಾತ್ರ. ಮಧ್ಯಾಹ್ನವೆಲ್ಲ ಇದನ್ನೇ ಹಿಂದೆ ಮುಂದೆ ಜಗ್ಗಾಡಿದಳು. ಪಾಸ್ಟರನ್ನು ಒಬ್ಬರೇ ಇರುವಾಗ ಹಿಡಿಯಬೇಕಾದರೆ ಕೆಲಸ ಬಿಟ್ಟ ಕೂಡಲೇ ಓಡಬೇಕು. ಆದರೆ ಗಂಟೆ ಹೊಡೆದಾಗ ಅವಳು ಗೇಟಿನ ಹತ್ತಿರ ನಿಂತಿದ್ದಳು. ಆಮೆನಕ್ಕ ಎಲ್ಲರಿಗಿಂತ ಕೊನೆಗೆ ತಲೆ ತಗ್ಗಿಸಿಕೊಂಡು ಬಂದರು.

"ನಡೀರಿ ಅಕ್ಕಾ. ನಿಮ್ಮ ಮನೆಗೆ ಹೋಗೋಣ. ಭಾವನ್ನ ನೋಡ್ಬೇಕು."

"ನೋಡಿ ಏನು ಮಾಡ್ತೀಯೇ?"

"ತುಟಿ ಆಡಿಸ್ತೀನಿ."

ಆಮೆನಕ್ಕ ನಿಂತಲ್ಲೇ ನಿಂತರು. ಅವಳು ಅವರ ಕೈಚೀಲವನ್ನು ಕಿತ್ತುಕೊಂಡು ಮುಂದೆ ನಡೆದಳು, ಹಿಂದೆ ತಿರುಗಿ ನೋಡಲಿಲ್ಲ. ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲುಗಳ ಮೇಲೆ ಯಾರೋ ಈರುಳ್ಳಿ ಹುರಿಯುತ್ತಿದ್ದ ವಾಸನೆ. ಹಗಲು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಎದ್ದು ಹೋದಳು. ಭಾವ ಕಿಟಕಿಯ ಪಕ್ಕದ ಮಂಚದಲ್ಲಿ ಒಂದು ಬದಿಗೆ ವಾಲಿಕೊಂಡು ಮಲಗಿದ್ದರು. ಅವರ ಕೆಳಗಿನ ಹಾಸುಬಟ್ಟೆ ಮುದುಡಿ ಹಗ್ಗವಾಗಿತ್ತು. ಅವಳು ಈ ಕಡೆಯ ಮೂಲೆ ಹಿಡಿದಳು. ಆಮೆನಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಕಡೆಯ ಮೂಲೆ ಹಿಡಿದರು. ಇಬ್ಬರೂ ಒಂದೇ ಅಳತೆಯಲ್ಲಿ ಜಗ್ಗಿದಾಗ ಸುಕ್ಕು ಬಿಟ್ಟಿತು, ಭಾವ ಹಾಯೆಂದು ಉಸಿರು ಬಿಟ್ಟರು. ಆಮೇಲೆ ಹೆಂಡತಿಯ ಕಡೆ ನೋಡಿ, ಸರಿಯಿದ್ದ ಕೈಯನ್ನು ಗಂಟಲಿಗೆ ಇಟ್ಟು, ವಾಸಿಯಾಯಿತಾ ಎಂದು ಸನ್ನೆಯಲ್ಲಿ ಕೇಳಿದರು. ಆಮೆನಕ್ಕ ಗೋಡೆಯ ಕಡೆ ನೋಡಿದರು.

ಅಕ್ಕನಿಗೆ ಇನ್ನೂ ನೋವಿದೆ ಭಾವ, ಇವತ್ತು ನಾನು ಮಾಡುತ್ತೇನೆ ಎಂದು ಅವಳು ಕುರ್ಚಿ ಎಳೆದುಕೊಂಡು ಕೂತಳು. ಕಣ್ಣು ಮುಚ್ಚಿದಳು. ಅದೇ ಕತ್ತಲೆ, ಆ ಕಡೆ ಯಾರೂ ಇಲ್ಲ. ಕರ್ತನೇ ಎಂದಳು, ತನ್ನ ಧ್ವನಿ ತನಗೇ ಒಣಗಿದ ಬಟ್ಟೆಯ ಹಾಗೆ ಕೇಳಿಸಿತು. ಭಾವನ ಎಡಗೈಯ ಬಗ್ಗೆ ಹೇಳಿದಳು, ಎಡಗಾಲಿನ ಬಗ್ಗೆ, ಬೆನ್ನಿನ ಹುಣ್ಣಿನ ಬಗ್ಗೆ, ಇಡೀ ದಿನ ಇವರನ್ನು ನೋಡಿಕೊಂಡ ಪಕ್ಕದ ಮನೆಯಾಕೆಯ ಬಗ್ಗೆ. ಆಮೇಲೆ ಆಮೆನಕ್ಕನ ಸರದಿ ಬಂತು. ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿತು. ಪಕ್ಕದಲ್ಲಿ ಆಮೆನಕ್ಕ ಉಸಿರು ಬಿಗಿ ಹಿಡಿದದ್ದು ಕೇಳಿಸಿತು. "ಅಕ್ಕನ ಗಂಟಲು ನೋವು ವಾಸಿ ಮಾಡಪ್ಪಾ. ಕೆಲಸದಲ್ಲಿ ಧೂಳು ಜಾಸ್ತಿ" ಎಂದಳು. ನಿಜ ಏನೆಂದು ಕೇಳುವವನಿಗೆ ಗೊತ್ತಿದ್ದರೆ ಗೊತ್ತಿರುತ್ತದೆ. ಬಿಡಿಸಿ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಆಮೆನಕ್ಕನಿಂದ ಬಿಕ್ಕು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವಳು ನಿಲ್ಲಿಸದೆ ಮುಂದುವರಿದಳು. ಏನಾದರೂ ಅನ್ನಿಸಬಹುದೇ ಎಂದು ಒಳಗೊಳಗೇ ಕಾದಳು. ಏನೂ ಅನ್ನಿಸಲಿಲ್ಲ. ಆದರೂ ಕೊನೆಯವರೆಗೆ ಹೇಳಿ, ಆಮೆನ್ ಎಂದು ಕಣ್ಣು ತೆರೆದಾಗ, ಭಾವನ ಕಣ್ಣು ಅರ್ಧ ಮುಚ್ಚಿತ್ತು. "ಟೀಚರಮ್ಮ... ಇವಳಷ್ಟು ಜೋರಿಲ್ಲ" ಎಂದರು ತೊದಲುತ್ತಾ. "ಆದ್ರೆ... ನಡೀತದೆ." ಸ್ವಲ್ಪ ಹೊತ್ತಿನಲ್ಲಿ ಗೊರಕೆ ಕೇಳಿಸಿತು. ಒಂದು ವಾರದ ಬಾಕಿ ನಿದ್ದೆ ಅದು.

ಕೂಟಕ್ಕೆ ತಡವಾಗಿತ್ತು. ಪಕ್ಕದ ಮನೆಯಾಕೆಗೆ ಬಾಗಿಲು ನೋಡಿಕೊಳ್ಳಲು ಹೇಳಿ ಅವಳು ಆಮೆನಕ್ಕನನ್ನೂ ಎಬ್ಬಿಸಿಕೊಂಡು ಹೊರಟಳು. ಬೇಡ ಕಣೇ ಎಂದು ಅವರು ಮೆಟ್ಟಿಲು ಮೆಟ್ಟಿಲಿಗೂ ಹೇಳಿದರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಸಭೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅವಳು ತನ್ನ ಎರಡನ್ನೂ ಎಲ್ಲಕ್ಕಿಂತ ಮೇಲೆ, ಎದ್ದು ಕಾಣುವಂತೆ ಬಿಟ್ಟಳು. ಯಾವಾಗಲೂ ಮೊದಲ ಸಾಲಿನಲ್ಲಿ ಕೂರುವ ಆಮೆನಕ್ಕ ಕಡೆಯ ಸಾಲಿನ ಮೂಲೆಯ ಕುರ್ಚಿ ಹಿಡಿದರು. ಪಾಸ್ಟರು, ಪ್ರಾರ್ಥನೆಗೆ ಯಾರದಾದರೂ ವಿಷಯಗಳಿದ್ದರೆ ಹೇಳಿ ಎನ್ನುತ್ತಿದ್ದರು. ಅವಳು ಕೂರದೆ ಅಲ್ಲೇ ನಿಂತಳು. ಕುರ್ಚಿಗಳು ಕಿರುಗುಟ್ಟಿದವು, ಪೋಸ್ಟ್ ಮಾಸ್ಟರು ತಿರುಗಿದರು. ಮೊದಲೇ ತಿದ್ದಿಟ್ಟ ಮಾತು ಈ ಸಲ ಒಂದೂ ಇರಲಿಲ್ಲ.

"ಪಾಸ್ಟರ್, ನನ್ನದೊಂದು ಇದೆ. ನನ್ನ ಬಾಯಿಂದಲೇ ಹೇಳ್ತೀನಿ. ಪ್ರಾರ್ಥನೆ ಮಾಡಿದ್ರೆ ನನಗೆ ಏನೂ ಅನ್ನಿಸಲ್ಲ. ಇವತ್ತೂ ಅನ್ನಿಸ್ಲಿಲ್ಲ. ಯಾವಾಗ ಅನ್ನಿಸುತ್ತೋ ಗೊತ್ತಿಲ್ಲ. ಆದ್ರೂ ಭಾನುವಾರ ಮಕ್ಕಳ ತರಗತಿ ನಾನೇ ತಗೋತೀನಿ. ಹೀಗೂ ಆಗುತ್ತೆ, ಆದಾಗ ಕೈ ಬಿಡಬಾರದು ಅಂತ ಅವರಿಗೆ ಯಾರಾದ್ರೂ ಹೇಳ್ಬೇಕಲ್ಲ."

ಹಾರ್ಮೋನಿಯಂನವರ ಹೆಂಡತಿ ಫೋನನ್ನು ತಿರುಗಿಸಿ ಮಡಿಲಲ್ಲಿ ಇಟ್ಟುಕೊಂಡಳು. ಪಾಸ್ಟರು ಕನ್ನಡಕ ತೆಗೆದರು, ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಡೆಯ ಸಾಲಿನ ಮೂಲೆಯಿಂದ ಆಮೆನ್ ಬಂತು. ಒಂದು ವಾರ ಮುಚ್ಚಿದ್ದ ಗಂಟಲಿನದು, ಒಡೆದು ಒಡೆದು ಬಂತು, ಆದರೆ ಪಕ್ಕದ ಮನೆಯವರು ಗೋಡೆ ತಟ್ಟುವಷ್ಟು ಜೋರಾಗಿತ್ತು. ಪಾಸ್ಟರು ತೆರೆದ ಬಾಯಿಯನ್ನು ಮುಚ್ಚಿ, ಆಮೇಲೆ ತಾವೂ ಮೆಲ್ಲಗೆ ಆಮೆನ್ ಎಂದರು. ಅವಳು ಆಮೆನಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಳು. ನಾಳೆ ಬೆಳಿಗ್ಗೆ ಹೋದ ಕೂಡಲೇ ಮೇಲ್ವಿಚಾರಕನಿಗೆ ಹೇಳಿ ಅಕ್ಕನನ್ನು ಮೇಜಿಗೆ ವಾಪಸ್ಸು ಹಾಕಿಸಿಕೊಳ್ಳಬೇಕು ಎಂದುಕೊಂಡಳು. ಆ ಹೊಸ ಹುಡುಗಿಯ ಜೊತೆ ಒಂದು ಮೂಲೆಯೂ ಸರಿ ಕೂಡುತ್ತಿರಲಿಲ್ಲ.